ಸಿರುಮುಗೈಯಲ್ಲಿ ಹುಡುಗನ ಕೈ ನೋಡಿದ್ದು

ಪರದೇಶಕ್ಕೆ ಹೋಗಬೇಕಾದರೆ ವಿಮಾನವೇ ಹತ್ತಬೇಕೆಂದು ಯಾರು ಹೇಳಿದರೋ ಗೊತ್ತಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಹೊಸಪೇಟೆ ದಾಟಿದವರನ್ನೇ ದೂರ ದೇಶ ಕಂಡವರು ಅನ್ನುತ್ತಾರೆ. ನಾನು ಹೊಸಪೇಟೆ ದಾಟಿ, ಬೆಂಗಳೂರನ್ನೂ ದಾಟಿ, ಬಸ್ಸಿನ ಬೋರ್ಡು ಓದಲು ಬಾರದ, ಕಂಡಕ್ಟರ್ ಬೈದನೋ ಕರೆದನೋ ತಿಳಿಯದ ಸೀಮೆಗೆ ಹೋಗಿ ಬಂದೆ. ಬಂದಾಗಿನಿಂದ ಓಣಿಯ ಹೆಂಗಸರು 'ಹೆಂಗಿತ್ತ ಶಾಂತವ್ವ ಆ ಊರು?' ಅಂತ ಕೇಳಿದ್ದೇ ಕೇಳಿದ್ದು. ಹೇಗಿತ್ತೆಂದು ನನಗೇ ಸರಿಯಾಗಿ ತಿಳಿದಿಲ್ಲ, ಇವರಿಗೇನು ಹೇಳಲಿ? ಒಬ್ಬೊಬ್ಬರ ಮುಂದೆ ಒಂದೊಂದು ಹೇಳಿ ಸಾಕಾಗಿ, ಈಗ ಒಂದೇ ಸಲ ಬರೆದಿಡುತ್ತಿದ್ದೇನೆ.

ಹೋದದ್ದು ಸವಿತಾಳ ಸಲುವಾಗಿ. ಸವಿತಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಆರು ವರ್ಷದವಳು. ಅವತ್ತಿನಿಂದ ನನ್ನ ಮಗ್ಗದ ಪಕ್ಕದಲ್ಲೇ ಬೆಳೆದಳು. ಈಗ ನನಗಿಂತ ಚೆನ್ನಾಗಿ ನೇಯುತ್ತಾಳೆ, ಅವಳ ಮುಂದೆ ಹೇಳುವುದಿಲ್ಲ ಅಷ್ಟೆ. ಹೊಸಪೇಟೆಯಲ್ಲಿ ನಮ್ಮವರದೊಂದು ಮದುವೆಯಲ್ಲಿ ಪ್ರಭು ಅನ್ನುವ ಹುಡುಗ ಅವಳನ್ನು ಕಂಡ. ಕೊಯಮತ್ತೂರಿನ ಕಡೆಯ ಸಿರುಮುಗೈಯವನು. ಎಷ್ಟೋ ತಲೆಮಾರಿನ ಹಿಂದೆ ಆ ಕಡೆ ಹೋಗಿ ನೆಲೆಸಿದ ನಮ್ಮ ನೇಕಾರ ಮಂದಿಯೇ, ಮನೆಯಲ್ಲಿ ಕನ್ನಡ ಮಾತಾಡುವವರೇ. ಆರು ತಿಂಗಳು ಫೋನಿನಲ್ಲಿ ಮಾತುಕತೆಯಾಯಿತು, ಆಮೇಲೆ ಅವರ ಮನೆಯಿಂದ ಹೆಣ್ಣು ಕೇಳಿದರು.

ನಾನು ಮನೆ ನೋಡಲು ಹೊರಟಾಗ ಸವಿತಾ ಚೀಲದ ಬಾಯಿ ಕಟ್ಟುತ್ತ ಹೇಳಿದ್ದು ಇಷ್ಟೇ. "ದೊಡ್ಡವ್ವ, ಮನಿ ಎಷ್ಟ ಅಂಕಣದ್ದು, ಕಪಾಟು ಐತೋ ಇಲ್ಲೋ ನೋಡಬ್ಯಾಡ. ಅವನ ಕೈ ನೋಡ್ಕೊಂಡ ಬಾ. ನನಗ ಮಾತು ಸೇರ್ಯಾವ, ಕೈ ನೋಡಿಲ್ಲ. ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ನೇಕಾರನ ಕೈ ನೋಡುವುದು ಅಂದರೆ ರೇಖೆ ನೋಡುವುದಲ್ಲ. ಅವನು ಮಗ್ಗದಲ್ಲಿ ಕೂತಾಗ ನೋಡಬೇಕು. ಕೈ ಸರಿ ಇದ್ದವನ ಮನೆಯಲ್ಲಿ ಹೆಣ್ಣು ಉಣ್ಣುತ್ತಾಳೆ, ಮರ್ಯಾದೆಯಿಂದ ಇರುತ್ತಾಳೆ. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೇ ರೈಲು ಹತ್ತಿದೆ.

ತಿರುಪ್ಪೂರು

ಕೊಯಮತ್ತೂರಿನವರೆಗೆ ಬರಬೇಡಿ, ತಿರುಪ್ಪೂರಿನಲ್ಲೇ ಇಳಿಯಿರಿ, ಅಲ್ಲಿಂದ ನಮ್ಮೂರಿಗೆ ಅಡ್ಡದಾರಿ ಇದೆ ಎಂದು ಪ್ರಭು ಹೇಳಿದ್ದ. ಬೆಳಿಗ್ಗೆ ಇಳಿದೆ. ಜನ ಎಂಥವರು ಅನ್ನುತ್ತೀರಿ! ಎಲ್ಲರೂ ಎಲ್ಲಿಗೋ ತಡವಾದವರ ಹಾಗೆ ನಡೆಯುತ್ತಾರೆ. ರಸ್ತೆಯ ಬದಿಯಲ್ಲಿ ಬನಿಯನ್ ಬಟ್ಟೆಯ ಚೂರುಗಳ ಮೂಟೆ, ಚರಂಡಿಯಂಚಿಗೆಲ್ಲ ಬಿಳಿ ನೂಲಿನ ನವಿರು. ಆದರೆ ಬಿಸಿಲು ನಮ್ಮದೇ. ಒಣ ಗಾಳಿ, ಬಯಲಿನಲ್ಲಿ ಜಾಲಿ ಮರ, ಕಾಲಿಗೆ ಪುಡಿ ಮಣ್ಣು. ನನಗೆ ಜೀವ ಬಂದಂತಾಯಿತು. ಇಷ್ಟಕ್ಕೆ ಹೆದರಿದೆನಲ್ಲ, ಇದು ನಮ್ಮ ಹುನಗುಂದದ ಅಣ್ಣ ಅಂದುಕೊಂಡೆ.

ಸ್ಟೇಷನ್ನಿನ ಹೊರಗೆ ಒಬ್ಬ ಹುಡುಗ ನೇರವಾಗಿ ಬಂದು ನನ್ನೆದುರು ನಿಂತ. ಮುಖ ನೋಡಲಿಲ್ಲ, ನಾನುಟ್ಟಿದ್ದ ಇಳಕಲ್ ಸೀರೆಯ ಸೆರಗನ್ನೇ ನೋಡಿದ. ಕೆಂಪು ಸೆರಗಿನ ಬಿಳಿ ತೆನೆಗಳನ್ನು ಒಂದೆರಡು ಎಣಿಸಿದನೋ ಏನೋ, ತುಟಿ ಅಲ್ಲಾಡಿತು. ಆಮೇಲೆ ಕಾಲಿಗೆ ಬಿದ್ದ. ಪ್ರಭುವೇ.

"ದೊಡ್ಡಮ್ಮ ತಾನೇ? ಸೀರೆ ನೋಡ್ದೇನೆ ತೆರಿಂಜಿತು. ಸೌಖ್ಯಮಾ? ಬ್ಯಾಗು ಕೊಡ್ರಿ, ವೆಯಿಟ್ಟು ರೊಂಬ ಇರುತ್ತೆ."

ಕನ್ನಡವೇ ಹೌದು, ಆದರೆ ಮಾತಿನ ಏರಿಳಿತ ಎಲ್ಲೋ ಬೇರೆ ಕಡೆ ಏರಿ ಬೇರೆ ಕಡೆ ಇಳಿಯುತ್ತಿತ್ತು. ಅರ್ಧ ತಿಳಿಯಿತು, ಅರ್ಧಕ್ಕೆ ತಲೆಯಾಡಿಸಿದೆ. ಸೆರಗು ಮೊದಲು ನೋಡಿ ಮುಖ ಆಮೇಲೆ ನೋಡಿದನಲ್ಲ, ಅದು ಮಾತ್ರ ನನಗೆ ಹಿಡಿಸಿತು.

ಅವಿನಾಶಿಯ ಆಚೆ

ಅವಿನಾಶಿ ದಾಟಿ ಅನ್ನೂರಿನವರೆಗೂ ಬಸ್ಸಿನ ಕಿಟಕಿಯಲ್ಲಿ ನನ್ನ ಪರಿಚಯದ ಕೆಂಪು ನೆಲವೇ ಇತ್ತು. ಅಷ್ಟರಲ್ಲಿ ಮುಂದುಗಡೆ ಆಕಾಶದ ಬುಡದಲ್ಲಿ ನೀಲಿ ಮೋಡ ಗೋಡೆಯಂತೆ ಎದ್ದು ಕಂಡಿತು. ಮಳೆಗಾಲವಿಡೀ ಮೋಡದ ದಾರಿ ಕಾಯುವ ಊರಿನವಳು ನಾನು. ಅಂಥ ಮೋಡ ಕಂಡರೆ ಸುಮ್ಮನಿರಲಾದೀತೆ?

"ಪ್ರಭು, ಛತ್ರಿ ತಗಿಯಪ್ಪ. ಭಾಳ ದೊಡ್ಡ ಮಳಿ ಬರಾಕತೈತಿ!" ಅಂದೆ. ಅವನು ಕಿಟಕಿಯಿಂದ ಬಗ್ಗಿ ನೋಡಿದ, ಮೇಲೆ ನೋಡಿದ, ನನ್ನನ್ನು ನೋಡಿದ.

"ದೊಡ್ಡಮ್ಮ, ಅದು ಮಲೆ. ನೀಲಗಿರಿ. ದಿನಾ ಅಲ್ಲೇ ಇರುತ್ತೆ."

ಪಕ್ಕದ ಸೀಟಿನ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮುಂದೆ ಹೋದಂತೆ ಹಸಿರು ಎರಡೂ ಕಡೆಯಿಂದ ಮುಚ್ಚಿಕೊಳ್ಳತೊಡಗಿತು. ಬಾಳೆ, ತೆಂಗು, ಕರಿಬೇವಿನ ಹೊಲ. ಕರಿಬೇವನ್ನು ಹೊಲದ ತುಂಬ ಬೆಳೆಯುತ್ತಾರೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಮ್ಮಲ್ಲಿ ಹಿತ್ತಲಿನ ಒಂದು ಗಿಡಕ್ಕೆ ಇಡೀ ಓಣಿ ಕೈ ಚಾಚುತ್ತದೆ. ಹಸಿರು ಕಂಡರೆ ಕಣ್ಣು ತಂಪಾಗುತ್ತದೆ ಅನ್ನುತ್ತಾರಲ್ಲ, ನನಗೆ ಕಣ್ಣು ಸೋತವು. ನಮ್ಮೂರಲ್ಲಿ ಮೈಲಿ ದೂರದಲ್ಲಿ ಬರುವವನ ನಡಿಗೆ ನೋಡಿ ಇಂಥವನೇ ಅಂತ ಹೇಳಬಹುದು, ಅವನು ಬರುವಷ್ಟರಲ್ಲಿ ಚಹಾ ಇಡಬಹುದು. ಇಲ್ಲಿ ಎಲೆಗಳ ನಡುವಿನಿಂದ ಮನುಷ್ಯ ಪಟ್ಟನೆ ಎದುರಿಗೇ ಬರುತ್ತಾನೆ. ಸವಿತಾ ಇಲ್ಲಿ ಹೇಗೆ ಉಸಿರಾಡುತ್ತಾಳೋ ಅಂತ ಅಲ್ಲೇ ಮೊದಲ ಸಲ ಅನಿಸಿತು.

ಸಿರುಮುಗೈ, ಮೊದಲ ಸಂಜೆ

ಮನೆ ಚಿಕ್ಕದು, ಚೊಕ್ಕಟ. ಬಾಗಿಲಿಗೇ ಪ್ರಭುವಿನ ತಾಯಿ ಸರಸಮ್ಮ ಆರತಿ ಹಿಡಿದು ನಿಂತಿದ್ದರು. "ಬನ್ರಿ ಅಕ್ಕ, ಬನ್ರಿ. ತಾಯಿಮನೆಯಿಂದಲೇ ಬಂದ ಹಾಗೆ ಇದೆ ನಮಗೆ" ಅಂದರು. ತಂದೆ ರಾಮಲಿಂಗಣ್ಣ ನನ್ನನ್ನು ತಂಗಚ್ಚಿ ಅಂತ ಕರೆದು, ನಮ್ಮ ಕಡೆ ದೇವಿಗೆ ಏನು ನೈವೇದ್ಯ, ಸೂತಕಕ್ಕೆ ಎಷ್ಟು ದಿನ, ಹೊಸ ಮಗ್ಗಕ್ಕೆ ಯಾವ ಪೂಜೆ ಅಂತ ಕೇಳಿದ್ದೇ ಕೇಳಿದ್ದು.

"ಎಂಗ ತಾತಾ ಕಾಲದಲ್ಲೇ ಅರ್ಧ ಶಾಸ್ತ್ರ ಬಿಟ್ಟು ಹೋಯ್ತು ತಂಗಚ್ಚಿ. ಹೇಳಿಕೊಡುವವರು ಇಲ್ಲೆ. ಮೂಲ ಊರಿನವರು ನೀವು, ನಿಮಗೆ ಎಲ್ಲಾ ತೆರಿಯುತ್ತೆ" ಅಂದರು. ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ಆದರೆ ಅಷ್ಟು ಆಸೆಯಿಂದ ಕೇಳುವವರ ಮುಂದೆ ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ.

ಮಗ್ಗ ಮುಂದಿನ ಕೋಣೆಯಲ್ಲಿತ್ತು. ನಮ್ಮದರಂತೆಯೇ ಕುಣಿಮಗ್ಗ, ಕಾಲು ಇಳಿಬಿಟ್ಟು ಕೂರುವ ಗುಂಡಿ. ಆದರೆ ತಲೆಯ ಮೇಲೆ ಜಕಾರ್ಡಿನ ಪೆಟ್ಟಿಗೆ. ಅದರಿಂದ ತೂತು ಹೊಡೆದ ರಟ್ಟಿನ ಕಾರ್ಡುಗಳು ದಾರದಲ್ಲಿ ಒಂದಕ್ಕೊಂದು ಕಟ್ಟಿಕೊಂಡು ಮಾಲೆಯಾಗಿ ಜೋತು ಬಿದ್ದಿದ್ದವು. ಅವರು ಅದಕ್ಕೆ ಅಟ್ಟೆ ಅನ್ನುತ್ತಾರೆ. ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ, ಹಾಗೆ ನವಿಲೋ ಬಳ್ಳಿಯೋ ಮೂಡುತ್ತದೆ. ನಮ್ಮ ಮನೆಯ ಮಗ್ಗಕ್ಕೆ ಆ ವ್ಯವಹಾರವಿಲ್ಲ. ನಮ್ಮ ತೆನೆ ಬೆರಳಿನ ಲೆಕ್ಕದಲ್ಲೇ ಬರುತ್ತದೆ. ಮಗ್ಗದ ಮೇಲೆ ಎಳೆ ಬಾಳೆಯ ಬಣ್ಣದ ರೇಷ್ಮೆ ಸೀರೆ, ಸೆರಗು ಈಗಷ್ಟೇ ಶುರುವಾಗಿತ್ತು.

ಸರಸಮ್ಮ ನನ್ನ ಕಿವಿಯ ಹತ್ತಿರ ಬಂದು "ಇದು ನಿಮ್ಮ ಹುಡುಗಿಗೇ ಅಕ್ಕ. ನಿಶ್ಚಯಕ್ಕೆ. ನೀವು ಹೊರಡುವುದರೊಳಗೆ ಸೆರಗು ಮುಗಿಸಿ ನಿಮ್ಮ ಕೈಲೇ ಕೊಟ್ಟು ಕಳಿಸ್ತೀನಿ ಅಂತ ಪಿಡಿವಾದ ಹಿಡಿದು ಕೂತಿದಾನೆ" ಅಂದರು.

ಸರಿ, ಕೈ ನೋಡಲು ಇದಕ್ಕಿಂತ ಬೇರೆ ಪರೀಕ್ಷೆ ಬೇಡ ಅಂದುಕೊಂಡು ಪಕ್ಕದಲ್ಲಿ ಕೂತೆ. ಚೆನ್ನಾಗಿಯೇ ನೇಯುತ್ತಿದ್ದ. ಅಷ್ಟರಲ್ಲಿ ಒಂದು ಎಳೆ ಪಟ್ಟನೆ ಕಡಿಯಿತು. ಅವನು ಗಂಟು ಹಾಕಿದ. ನನ್ನ ಕಣ್ಣು ಮಾತ್ರ ಗುಂಡಿಯ ಕಡೆ ಹೋಯಿತು. ತಳಕ್ಕೆ ಹಾಸಿದ ಮರಳು ಒಣಒಣ! ಒದ್ದೆ ಬಟ್ಟೆಯೂ ಇಲ್ಲ, ನೀರಿನ ಗಡಿಗೆಯೂ ಇಲ್ಲ! ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಗುಂಡಿಗೆ ನೀರು ಚಿಮುಕಿಸಿ, ಮಗ್ಗದ ಮೇಲೆ ಒದ್ದೆ ಬಟ್ಟೆ ಹೊದಿಸದೆ ಯಾವ ಹೆಂಗಸೂ ಒಲೆಯ ಹತ್ತಿರ ಹೋಗುವುದಿಲ್ಲ. ಹೊದಿಸದಿದ್ದರೆ ಆ ಒಣ ಗಾಳಿಗೆ ಬೆಳಗಾಗುವಷ್ಟರಲ್ಲಿ ಹಾಸಿನ ಎಳೆಗಳು ಪಟಪಟನೆ ಕಡಿಯುತ್ತವೆ. ಇವರು ಅದನ್ನೂ ಮರೆತಿದ್ದಾರಲ್ಲ ಪಾಪ ಅಂತ ಕನಿಕರವಾಯಿತು.

ಬಾಯಿಬಿಟ್ಟು ಹೇಳಿದರೆ ಬೀಗರಾಗುವವರ ಮನೆಯಲ್ಲಿ ಮೊದಲ ದಿನವೇ ಹೆಚ್ಚುಗಾರಿಕೆ ಅನಿಸೀತು. ಸಂಜೆ ಪ್ರಭು ಎದ್ದ ಮೇಲೆ ನಾನೇ ಗುಂಡಿಗೆ ನೀರು ಚಿಮುಕಿಸಿದೆ. ಬಚ್ಚಲಲ್ಲಿದ್ದ ಹಳೆಯ ಪಂಚೆ ಒದ್ದೆ ಮಾಡಿ, ಜೋತು ಬಿದ್ದ ಆ ರಟ್ಟಿನ ಮಾಲೆಯ ಮೇಲಿಂದಲೇ ಮಗ್ಗಕ್ಕೆ ಹೊದಿಸಿದೆ. ರೂಢಿಯಂತೆ ಮಗ್ಗದ ಮರ ಮುಟ್ಟಿ ಕಣ್ಣಿಗೊತ್ತಿಕೊಂಡು "ಚೌಡವ್ವ ತಾಯಿ, ಎಳಿ ಕಾಯವ್ವ" ಅಂದೆ. ತಿರುಗಿ ನೋಡಿದರೆ ಸರಸಮ್ಮ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ದೇವರ ಹೆಸರು ಕೇಳಿ ಮುಗಿದಿರಬೇಕು ಅಂದುಕೊಂಡೆ.

ಎರಡನೆಯ ದಿನ

ಬೆಳಿಗ್ಗೆ ಏಳುವಷ್ಟರಲ್ಲಿ ನಾನು ಹೊದಿಸಿದ್ದ ಪಂಚೆ ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಒಣಗುತ್ತಿತ್ತು ಅನ್ನುವುದೂ ತಪ್ಪು, ಆ ಊರಿನಲ್ಲಿ ಏನೂ ಒಣಗುವುದಿಲ್ಲ, ಸುಮ್ಮನೆ ತೂಗಾಡುತ್ತಿರುತ್ತದೆ. ಸರಸಮ್ಮನ ಚೊಕ್ಕಟತನ ಮಿತಿಮೀರಿದ್ದು, ಒಗೆಯಲು ಹಾಕಿದ್ದು ಅಂತ ತಿಳಿದಿರಬೇಕು ಅಂದುಕೊಂಡೆ.

ಪ್ರಭು ಮಗ್ಗಕ್ಕೆ ಬರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಇಸ್ತ್ರಿ ಮಾಡುತ್ತಿದ್ದ. ಕಿಟಕಿಯಲ್ಲಿ ಕೈ ಆಡುವುದು ಕಾಣುತ್ತಿತ್ತು, ಬಿಸಿ ವಾಸನೆ ಬರುತ್ತಿತ್ತು. ಒಂದು ತಾಸು, ಎರಡು ತಾಸು. ಎಲಾ ಇವನ! ನೇಕಾರನಿಗೆ ಇಷ್ಟು ಅಂಗಿಗಳೇ? ಹತ್ತು ಗಂಟೆಗೆ ಹೊರಗೆ ಬಂದವನು ಮಾತ್ರ ಮುದುರಿದ ಲುಂಗಿಯಲ್ಲೇ ಇದ್ದ. ಇಸ್ತ್ರಿ ಮಾಡಿದ್ದೆಲ್ಲ ಎಲ್ಲಿ ಹೋಯಿತೋ ಆ ದೇವರೇ ಬಲ್ಲ.

ಮಗ್ಗಕ್ಕೆ ಕೂತ. ಸೆರಗಿನಲ್ಲಿ ನವಿಲಿನ ಕಾಲು ಮೂಡಿತು, ಹೊಟ್ಟೆ ಬರುವಷ್ಟರಲ್ಲಿ ಏಳಬೇಕಾದ ಎಳೆಗಳು ಏಳಲಿಲ್ಲ. ನವಿಲಿಗೆ ಹುಳ ತಿಂದಂತೆ ಅಲ್ಲಲ್ಲಿ ತೂತು. ಅವನು ನಿಲ್ಲಿಸಿ, ನೆಯ್ದದ್ದನ್ನೆಲ್ಲ ಒಂದೊಂದೇ ಎಳೆ ಬಿಚ್ಚತೊಡಗಿದ.

"ಏನಾತಪ್ಪ?"

"ಅಟ್ಟೆ ಕೊಂಜ ಉಬ್ಬಿದೆ ದೊಡ್ಡಮ್ಮ. ಪರವಾಯಿಲ್ಲೆ, ಸರಿ ಆಗುತ್ತೆ."

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮಧ್ಯಾಹ್ನ ಊಟಕ್ಕೆ, ನಾನು ಹೊತ್ತುಕೊಂಡು ಬಂದಿದ್ದ ಐವತ್ತು ಕಟಕ್ ಜೋಳದ ರೊಟ್ಟಿಯ ಗಂಟು ಬಿಚ್ಚಿದರು. ಮುರಿದರೆ ಟಪ್ ಅನ್ನಬೇಕು ಅಂತ ಮೊದಲೇ ಹೇಳಿಟ್ಟಿದ್ದೆ. ಮುರಿಯಲೇ ಇಲ್ಲ! ಕರವಸ್ತ್ರದಂತೆ ಮಡಚಿಕೊಂಡವು. ಒಂದೇ ದಿನದ ಹಸಿ ಗಾಳಿಗೆ ನನ್ನ ಎರಡು ದಿನದ ಬೆವರು ಹೀಗಾಯಿತು. ರಾಮಲಿಂಗಣ್ಣ ಅದನ್ನೇ ಸಾಂಬಾರಿನಲ್ಲಿ ಅದ್ದಿ "ರೊಂಬ ಮೆತ್ತಗೆ ಮಾಡಿದೀರಿ ತಂಗಚ್ಚಿ, ಹಲ್ಲು ಇಲ್ಲದವರೂ ತಿನ್ನಬಹುದು" ಅಂತ ಹೊಗಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಸಂಜೆ ಮತ್ತೆ ನೀರು ಚಿಮುಕಿಸಿ ಬಟ್ಟೆ ಹೊದಿಸಿದೆ. ಈ ಸಲ ಯಾರೂ ತೆಗೆಯಬಾರದೆಂದು ಒಂದು ಚೀಟಿ ಬರೆದು, ಮಗ್ಗದ ಕಂಬಕ್ಕೆ ಅನ್ನದಗುಳಿನಿಂದ ಅಂಟಿಸಿದೆ. ಕನ್ನಡ ಮಾತಾಡುವವರು ಕನ್ನಡ ಓದುತ್ತಾರೆ ಅಂತ ನಾನು ತಿಳಿದದ್ದರಲ್ಲಿ ತಪ್ಪೇನಿದೆ ನೀವೇ ಹೇಳಿ.

ಮೂರನೆಯ ದಿನ

ಬೆಳಿಗ್ಗೆ ನೋಡಿದರೆ ಚೀಟಿಗೆ ಅರಿಶಿನ ಕುಂಕುಮ! ಮೇಲೊಂದು ಕನಕಾಂಬರ ಹೂವು. ಬಟ್ಟೆ ಮಾತ್ರ ಮತ್ತೆ ತಂತಿಯ ಮೇಲೆ. ನಾನು ಚೀಟಿ ನೋಡಿದೆ, ಬಟ್ಟೆ ನೋಡಿದೆ, ಏನೊಂದೂ ಬಗೆಹರಿಯಲಿಲ್ಲ. ಈ ಸೀಮೆಯಲ್ಲಿ ಅಂಟಿಸಿದ ಕಾಗದಕ್ಕೆಲ್ಲ ಕುಂಕುಮ ಹಚ್ಚುತ್ತಾರೇನೋ, ಬ್ಯಾಡ ಅಂದದ್ದನ್ನು ಮಾಡಿ ಕೈಮುಗಿಯುವುದೂ ಒಂದು ಪದ್ಧತಿಯೇನೋ.

ಹುಡುಗ ಮತ್ತೆ ಹತ್ತು ಗಂಟೆಯವರೆಗೆ ಇಸ್ತ್ರಿ ಮಾಡಿದ. ಮತ್ತೆ ನವಿಲಿನ ಹೊಟ್ಟೆ ತೂತಾಯಿತು. ಮತ್ತೆ ಬಿಚ್ಚಿದ. ಮೂರು ದಿನಕ್ಕೆ ನವಿಲು ಹೊಟ್ಟೆ ದಾಟಿರಲಿಲ್ಲ.

ಮಧ್ಯಾಹ್ನ ಜಗುಲಿಯಲ್ಲಿ ರಾಮಲಿಂಗಣ್ಣ ಕಾಲು ಚಾಚಿ ಕೂತು "ಈ ವರ್ಷ ಮಳೆಯೇ ಇಲ್ಲೆ ತಂಗಚ್ಚಿ. ಎಲ್ಲಾ ಕಾಂಜಿ ಒಣಗಿ ಹೋಗಿದೆ" ಅಂದರು. ಹಾಗೆ ಅನ್ನುವಾಗ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಎದುರಿನ ಬಾಳೆತೋಟ ಕತ್ತಲೆಯಂತೆ ಹಸಿರಾಗಿತ್ತು. ನಾನು ತೋಟ ನೋಡಿದೆ, ಅವರನ್ನು ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅವರ ಬರಗಾಲ ನಮ್ಮ ಊರಿಗೆ ಬಂದರೆ ನಾವು ಹೋಳಿಗೆ ಮಾಡುತ್ತೇವೆ. ಯಾವುದನ್ನು ನಂಬಬೇಕು, ಕಣ್ಣನ್ನೋ ಮಾತನ್ನೋ? ಈ ಹಸಿರಿನಲ್ಲಿ ನನಗೆ ದಿಕ್ಕೂ ತಿಳಿಯುತ್ತಿರಲಿಲ್ಲ, ಹೊತ್ತೂ ತಿಳಿಯುತ್ತಿರಲಿಲ್ಲ. ನಾಲ್ಕೂವರೆಗೇ ಸೂರ್ಯ ಮಲೆಯ ಹಿಂದೆ ಹೋಗಿಬಿಡುತ್ತಿದ್ದ.

ಆದರೆ ಒಂದು ಮಾತ್ರ ನನಗೆ ತಿಳಿದಿದೆ ಅಂದುಕೊಂಡಿದ್ದೆ, ಅದು ಮಗ್ಗ. ಹಿತ್ತಲಿಗೆ ಹೋಗಿ ಸವಿತಾಳಿಗೆ ಫೋನ್ ಮಾಡಿದೆ.

"ಮಂದಿ ಭಾಳ ಒಳ್ಳೇವ್ರು ಸವಿ. ಆದ್ರ ಹುಡುಗನ ಕೈ ಸರಿ ಇಲ್ಲ. ಹತ್ತಕ್ಕ ಮಗ್ಗಕ್ಕ ಬರ್ತಾನ, ಬರೂ ತನ್ಕ ಅಂಗಿ ಇಸ್ತ್ರಿ ಮಾಡ್ತಾನ. ನೇದಿದ್ದೆಲ್ಲಾ ಕೆಡಸ್ತಾನ, ಬಿಚ್ಚತಾನ. ಕೆಟ್ರ ರಟ್ಟಿನ ಮ್ಯಾಲ ಹಾಕ್ತಾನ. ನನಗ ಮನಸಿಲ್ಲವ್ವ."

ಆ ಕಡೆ ಮಗ್ಗದ ಸದ್ದು ನಿಂತಿತು.

"ಸವಿ?"

"ಆತು ದೊಡ್ಡವ್ವ. ನೀ ಹೇಳಿದಂಗ." ಫೋನ್ ಇಟ್ಟಳು.

ಆ ಹುಡುಗಿ ಆರು ವರ್ಷದಲ್ಲಿ ತಾಯಿಯ ಹೆಣದ ಮುಂದೆಯೂ ಹೀಗೇ ಸಣ್ಣ ದನಿಯಲ್ಲಿ 'ಆತು' ಅಂದಿದ್ದಳು. ಆದರೂ ದೀಪ ಹಚ್ಚುವ ಹೊತ್ತಿಗೆ ಮಗ್ಗಕ್ಕೆ ಬಟ್ಟೆ ಹೊದಿಸಿದೆ. ಸಂಬಂಧ ಬೇಡವಾದರೂ ಹಾಸು ಕಡಿಯಬಾರದಲ್ಲ.

ಭವಾನಿಯ ದಡ

ನಾಲ್ಕನೆಯ ದಿನ ಸರಸಮ್ಮ ನನ್ನನ್ನು ಭವಾನಿ ನದಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದು ಬಾಳೆತೋಟ ಯಾರೋ ಮಲಗಿ ಹೊರಳಾಡಿದಂತೆ ನೆಲಕ್ಕೊರಗಿತ್ತು. ಏನಾಯಿತು ಅಂದರೆ "ಆನೆ ಬಂದಿತ್ತು" ಅಂದರು, ನಾವು ಎಮ್ಮೆ ಬಂದಿತ್ತು ಅನ್ನುವ ಧಾಟಿಯಲ್ಲಿ. ನಾನು ಅಲ್ಲಿಂದ ಮುಂದೆ ಪ್ರತಿ ಬಾಳೆಗಿಡದ ಹಿಂದೆಯೂ ಆನೆ ಹುಡುಕುತ್ತ ನಡೆದೆ.

ನೀರಿಗೆ ಕಾಲಿಟ್ಟು ಇಬ್ಬರೂ ಕೂತೆವು. ಸರಸಮ್ಮ ಒದ್ದೆಯಾದ ಸೀರೆಯ ಅಂಚು ಹಿಂಡುತ್ತ ಕೇಳಿದರು.

"ಅಕ್ಕ, ನಿಜ ಹೇಳ್ರಿ. ನಿಮ್ಮ ಹುಡುಗಿಗೆ ನಮ್ಮ ಊರು ಪಿಡಿಸುತ್ತಾ? ಅವಳು ಕಣ್ಣಿಗೆ ಎಟ್ಟುವಷ್ಟು ಬಯಲು ನೋಡಿ ಬೆಳೆದವಳು ಅಂತ ಪ್ರಭು ಹೇಳ್ತಿದ್ದ. ಮಹಡಿ ಮೇಲೆ ಒಂದು ಕಟ್ಟೆ ಕಟ್ಟಿದಾನೆ, ಅಲ್ಲಿ ನಿಂತರೆ ಅನ್ನೂರು ಕಡೆ ಕಾಣುತ್ತಂತೆ. ಅವಳಿಗೆ ಮನಸ್ಸು ಸರಿ ಇಲ್ಲದಾಗ ನಿಲ್ಲೋಕೆ."

ಇಂಥ ಹುಡುಗನ ಕೈ ಮಾತ್ರ ಯಾಕೆ ಹೀಗಾಯಿತು? ದೇವರು ಒಂದು ಕೊಟ್ಟರೆ ಒಂದು ಕೊಡುವುದಿಲ್ಲ ಅಂದುಕೊಂಡೆ. ಮನಸ್ಸು ಗಟ್ಟಿ ಮಾಡಿದರೆ ಕರುಳು ಕೇಳುತ್ತಿರಲಿಲ್ಲ, ಕರುಳಿನ ಮಾತು ಕೇಳಿದರೆ ಆ ತೂತು ನವಿಲು ಕಣ್ಣೆದುರು ಬರುತ್ತಿತ್ತು. "ನೋಡೂಣ್ರಿ" ಅಂದೆ. ಸರಸಮ್ಮನ ಮುಖ ಸಣ್ಣದಾಯಿತು. ನದಿಯ ನೀರು ಮಾತ್ರ ತಣ್ಣಗಿತ್ತು.

ಹೊರಡುವ ದಿನ

ಬೆಳಿಗ್ಗೆ ಚೀಲ ಕಟ್ಟಿ ಮುಂದಿನ ಕೋಣೆಗೆ ಬಂದೆ. ಪ್ರಭು ಮಗ್ಗದ ಪಕ್ಕ ನಿಂತಿದ್ದ, ಕಣ್ಣು ಕೆಂಪಗಿದ್ದವು. "ಕ್ಷಮಿಸ್ರಿ ದೊಡ್ಡಮ್ಮ. ಸೆರಗು ಮುಗೀಲಿಲ್ಲೆ" ಅಂದ. ನಾನು ಪರವಾಗಿಲ್ಲ ಅಂದೆ. ಇನ್ನು ಯಾರಿಗೆ ಬೇಕು ಆ ಸೆರಗು ಅಂತ ಒಳಗೇ ಅತ್ತೆ.

ಆಗ ರಾಮಲಿಂಗಣ್ಣ ಕಂಬದಿಂದ ನನ್ನ ಚೀಟಿಯನ್ನು ಹರಿಯದ ಹಾಗೆ ನಾಜೂಕಾಗಿ ಬಿಡಿಸಿ, ವೀಳ್ಯದೆಲೆಯ ಮೇಲಿಟ್ಟುಕೊಂಡು ತಂದರು. ಹಿಂದೆ ಸರಸಮ್ಮ ಕೈಮುಗಿದು ನಿಂತರು.

"ತಂಗಚ್ಚಿ, ಇದನ್ನ ಮೇಟ್ಟುಪ್ಪಾಳಯದಲ್ಲಿ ಕೊಟ್ಟು ಗಾಜು ಹಾಕಿಸಿ ಪೂಜೆ ಮನೇಲಿ ಇಡ್ತೀವಿ. ಮಗ್ಗಕ್ಕೆ ತೀರ್ಥ ಚಿಮುಕಿಸಿ, ಈರ ವಸ್ತ್ರ, ಒದ್ದೆ ಬಟ್ಟೆ, ಹೊದಿಸುವ ಶಾಸ್ತ್ರ ಎಂಗಳ ಕಡೆ ಬಿಟ್ಟೇ ಹೋಗಿತ್ತು. ನೀವು ಬಂದು ದಿನಾ ಮಾಡಿದಿರಿ. ಆದರೆ ಇಲ್ಲಿ ಯಾರಿಗೂ ಕನ್ನಡ ಎಳುತ್ತು ಓದೋಕೆ ಬರೋದಿಲ್ಲೆ. ಈ ಮಂತ್ರ ಏನು ಅಂತ ಒಂದು ಸಲ ಓದಿ ಹೇಳಿಬಿಟ್ಟು ಹೋಗ್ರಿ."

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲ ತಿಳಿಯಿತು. ತಿಳಿದದ್ದಕ್ಕಿಂತ ತಿಳಿಯದಿದ್ದರೇ ಚೆನ್ನಾಗಿತ್ತು. ಪ್ರಭುವಿನ ಹಿಂದೆ, ಅರ್ಧ ತೆರೆದ ಬಾಗಿಲಿನಾಚೆ ಇಸ್ತ್ರಿ ಪೆಟ್ಟಿಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಅಂಗಿಗಳಿರಲಿಲ್ಲ. ಮಗ್ಗದಿಂದ ಇಳಿಸಿದ ರಟ್ಟಿನ ಮಾಲೆ ಉದ್ದಕ್ಕೂ ಹಾಸಿತ್ತು, ಅರ್ಧ ಒಣಗಿ ಚಪ್ಪಟೆಯಾಗಿ, ಅರ್ಧ ಒದ್ದೆಯಾಗಿ ಉಬ್ಬಿ. ಆ ಹಸಿ ಸೀಮೆಯಲ್ಲಿ, ಗಾಳಿಯೇ ನೀರು ಕುಡಿದು ತೂಗುವ ಕಡೆ, ನಾನು ದಿನಾ ಸಂಜೆ ರಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿದ್ದೆ. ನನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿತ್ತು, ನಾನು ಪಕ್ಕದ ಎಲೆಯ ನೊಣ ಎಣಿಸುತ್ತ ಕೂತಿದ್ದೆ.

ಸುಳ್ಳು ಮಂತ್ರವೊಂದನ್ನು ಹೇಳಿಬಿಡಬಹುದಿತ್ತು. ಆ ಇಬ್ಬರ ಮುಖ ನೋಡಿದರೆ ಅದೇ ಪುಣ್ಯ ಅನಿಸುತ್ತಿತ್ತು. ಆದರೆ ಸವಿತಾಳ 'ಆತು' ಕಿವಿಯಲ್ಲಿತ್ತು. ಚೀಟಿ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಓದಿದೆ.

"ಈ ಒದ್ದಿ ಅರಿವಿ ಯಾರೂ ತೆಗೀಬ್ಯಾಡ್ರಿ. ಒಗ್ಯಾಕ ಹಾಕಿದ್ದಲ್ಲ. ಶಾಂತವ್ವ."

ರಾಮಲಿಂಗಣ್ಣ ಚೀಟಿ ನೋಡಿದರು, ಅದರ ಕುಂಕುಮ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ಜಗುಲಿಗೆ ಓಡಿದರು. ಅಲ್ಲಿಂದ ನಗು ಕೇಳಿಸಿತು. ಸರಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ನಗುತ್ತಿದ್ದರೋ ನಾಚಿದ್ದರೋ ತಿಳಿಯಲಿಲ್ಲ. ನಾನು ನಗಲಿಲ್ಲ. ನೆಲದ ಮೇಲೆ ಕೂತೆ. ನಮ್ಮ ಊರಿನ ಒಣ ಗಾಳಿಯ ಕಥೆ, ಕಡಿಯುವ ಹಾಸಿನ ಕಥೆ, ಇದು ಶಾಸ್ತ್ರವಲ್ಲ ಬರೀ ರೂಢಿ ಅನ್ನುವುದು, ಎಲ್ಲ ಹೇಳಿದೆ. ಹೇಳುತ್ತ ಅಳು ಬಂತು.

ಅವರೆದುರಿಗೇ ಸವಿತಾಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ.

"ಸವಿ, ನಾ ಹೇಳಿದ್ದು ತಪ್ಪವ್ವ. ಹುಡುಗನ ಕೈ ಸರಿ ಐತಿ. ಕೆಟ್ಟಿದ್ದು ನನ್ನ ಕೈ. ನಾ ದಿನಾ ಒದ್ದಿ ಅರಿವಿ ಹೊಚ್ಚಿ ಅವನ ರಟ್ಟು ಉಬ್ಬಿಸೀನಿ. ಅವ ದಿನಾ ಅದನ್ನ ಒಂದೊಂದ ಇಸ್ತ್ರಿ ಮಾಡಿ ಒಣಗಿಸ್ಯಾನ. ನನಗ ಒಂದ ಮಾತ ಅಂದಿಲ್ಲ."

"ಯಾಕ ಅನ್ನಲಿಲ್ಲಂತ? ಕೇಳ ಅವಂಗ" ಅಂದಳು ಸವಿತಾ. ದನಿ ಗಡುಸಾಗಿತ್ತು.

ಪ್ರಭು ಫೋನಿನ ಕಡೆ ನೋಡಲಿಲ್ಲ. ಬಿಚ್ಚಿದ ರೇಷ್ಮೆ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಾನು ಏನೋ ತಪ್ಪು ಮಾಡಿದವನಂತೆ ಹೇಳಿದ.

"ನಿಮ್ಮ ಊರ್ನ ಶಾಸ್ತ್ರ ಅಂತ ತಾನೇ ನೆನಚೆ. ನಾಳೆ ನೀನು ಬಂದ ಮೇಲೂ ದಿನಾ ಸಾಯಂಗಾಲ ಮಾಡ್ತೀಯಲ್ಲ. ಬೇಡ ಅಂತ ಎಂಗೆ ಹೇಳೋದು? ಅದಕ್ಕೇ ಕಾಲೆಯಲ್ಲಿ ಎದ್ದು ಒಣಗಿಸಿ ಪಳಗಿಕೊಳ್ತಿದ್ದೆ."

ಜಗುಲಿಯಲ್ಲಿ ರಾಮಲಿಂಗಣ್ಣನ ನಗು ನಿಂತಿತ್ತು. ಫೋನಿನಲ್ಲಿ ಸವಿತಾ ಮೂಗು ಎಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು.

"ದೊಡ್ಡವ್ವ, ನೀ ಇವತ್ತ ಹೊಂಡಬ್ಯಾಡ" ಅಂದಳು. "ಅವ ಸೆರಗ ಮುಗಸೂತನ್ಕ ಅಲ್ಲೇ ಇರು. ಸೀರಿ ತಗೊಂಡೇ ಬಾ."